ಭಾವನ ಕಾರಿನ ಬಿಸಿಗಾಳಿ

ನಾನು ಕಾರಿನ ಮೆಕ್ಯಾನಿಕ್ ಅಲ್ಲ. ಆಲೂರಿನಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಕಟ್ಟಿಕೊಂಡಿದ್ದವನು. ಸುಟ್ಟ ಮೋಟಾರು ಬಿಚ್ಚಿ, ಕಪ್ಪಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಹೊಡೆದು ಒಣಗಿಸಿ ಕೊಡುವುದು ನನ್ನ ಕಸುಬು. ಸಣ್ಣ ತಂತಿಗೆ ಕಣ್ಣು ಸೋಲತೊಡಗಿದ ಮೇಲೆ ಅಂಗಡಿ ಬಿಟ್ಟು, ಮಗ್ಗೆಯ ಹತ್ತಿರದ ಗದ್ದೆ ನೋಡಿಕೊಂಡಿದ್ದೇನೆ. ಆದರೆ ನಮ್ಮ ಕಡೆ ಒಂದು ನಂಬಿಕೆ ಇದೆ, ಕರೆಂಟು ಗೊತ್ತಿದ್ದವನಿಗೆ ಕರೆಂಟಿರುವುದೆಲ್ಲ ಗೊತ್ತು ಅಂತ. ಮಿಕ್ಸಿ, ಟಿವಿ, ಮೊಬೈಲು, ಪಕ್ಕದ ಮನೆಯಜ್ಜನ ಕಿವಿಗೆ ಹಾಕುವ ಮಿಷನ್ನು, ಎಲ್ಲವೂ ಈಗಲೂ ನನ್ನ ಜಗುಲಿಗೆ ಬರುತ್ತವೆ. ಹಾಗಾಗಿ ಹೋದ ವರ್ಷ ಆಷಾಢದ ಮಳೆಯಲ್ಲಿ ವನಗೂರಿನಿಂದ ಅಕ್ಕ ಫೋನು ಮಾಡಿ, ಭಾವನ ಕಾರಿನ ಹೀಟರ್ ಫ್ಯಾನು ನಿಂತುಹೋಗಿದೆ, ಬಂದು ನೋಡು ಎಂದಾಗ ನನಗೆ ಆಶ್ಚರ್ಯವಾದದ್ದು ಕೆಲಸದ ಬಗ್ಗೆ ಅಲ್ಲ. ಆ ಕಾರಿನ ಪರವಾಗಿ ಅಕ್ಕ ಮಾತಾಡುತ್ತಿದ್ದಾಳಲ್ಲ ಎಂದು.

ಆ ಕಾರು ನಮ್ಮ ನೆಂಟರಲ್ಲೆಲ್ಲ ಒಂದು ಮಾತಾಗಿತ್ತು. ಸುಮಾರು ಇಪ್ಪತ್ತು ವರ್ಷದ ಹಿಂದೆ ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ಊರಲ್ಲಿ ಒಬ್ಬರು ಮನೆಗೆ ಮಹಡಿ ಎತ್ತಿದರು, ಒಬ್ಬರು ಪಕ್ಕದ ತೋಟ ಕೊಂಡರು, ಒಬ್ಬರು ಮಗಳ ಮದುವೆಯನ್ನು ಮೂರು ದಿನ ಮಾಡಿದರು. ಹನ್ನೆರಡು ಎಕರೆ ತೋಟದ ನಮ್ಮ ಭಾವ ಮಾತ್ರ, ದೊಡ್ಡ ಎಸ್ಟೇಟಿನ ಸಾಹುಕಾರರೊಬ್ಬರು ಹೊರದೇಶದಿಂದ ತರಿಸಿ ಓಡಿಸಿ ಬೇಸರವಾಗಿ ನಿಲ್ಲಿಸಿದ್ದ ಒಂದು ಸ್ಪೋರ್ಟ್ಸ್ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಎರಡೇ ಬಾಗಿಲು, ಎರಡೇ ಸೀಟು. ಭಾವ ಆರಡಿ ಆಳು. ಅವರು ಅದರೊಳಗೆ ಇಳಿಯುವುದು ಬಾವಿಗೆ ಇಳಿದ ಹಾಗೆ ಕಾಣುತ್ತಿತ್ತು. ಜೀಪು ಮಾತ್ರ ಹತ್ತುವ ದಾರಿಗಳ ಊರಿಗೆ, ನೆಲದಿಂದ ಗೇಣೆತ್ತರದ ಕಾರು. ಯಾವ ಕಲ್ಲಿಗೆ ಹೊಟ್ಟೆ ತಾಗುತ್ತದೆ, ಯಾವ ಗುಂಡಿಯನ್ನು ಓರೆಯಾಗಿ ದಾಟಬೇಕು ಎಂಬುದು ಭಾವನಿಗೆ ಬಾಯಿಪಾಠವಾಗಿತ್ತು. ಅಕ್ಕ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಮದುವೆ ಮುಂಜಿಗೆ ಹೋಗುವಾಗ ಅದರಲ್ಲೇ ಹೋಗಬೇಕು. ಕೂತರೆ ಒಲೆ ಮುಂದೆ ಕೂತ ಹಾಗೆ ಮೊಣಕಾಲು ಎದೆಗೆ ಬರುತ್ತದೆ, ಇಳಿಯುವಾಗ ನೆರಿಗೆ ಒಂದು ಕಡೆ ಜೀವ ಒಂದು ಕಡೆ ಎನ್ನುತ್ತಿದ್ದಳು.

ಭಾವನಿಗೆ ಆ ಕಾರಿನಲ್ಲಿ ಎಲ್ಲಕ್ಕಿಂತ ಹೆಮ್ಮೆ ಸೀಟಿನ ಚರ್ಮದ ಮೇಲೆ. ನಮ್ಮ ಮಳೆಗಾಲದಲ್ಲಿ ಚರ್ಮ ಉಳಿಯುವುದಿಲ್ಲ. ಚಪ್ಪಲಿ, ಬೆಲ್ಟು, ಪೆಟ್ಟಿಗೆ, ನಾಲ್ಕು ದಿನ ಮುಟ್ಟದೆ ಬಿಟ್ಟರೆ ಹಸಿರು ಬೂಷ್ಟು ಹಿಡಿದು ಬೆಕ್ಕಿನ ಮೈಯಂತಾಗುತ್ತವೆ. ಆದರೆ ಆ ಕಾರಿನ ಸೀಟಿಗೆ ಒಂದು ಮಳೆಗಾಲದಲ್ಲೂ ಬೂಷ್ಟು ಬಂದದ್ದಿಲ್ಲ. ಮನೆಗೆ ಬಂದವರನ್ನೆಲ್ಲ ಶೆಡ್ಡಿಗೆ ಕರೆದುಕೊಂಡು ಹೋಗಿ, ಸೀಟು ಮುಟ್ಟಿಸಿ, ಹೊರದೇಶದ ಹದ ಎಂದರೆ ಇದು, ನಮ್ಮವರಿಗೆ ಬರುವುದಿಲ್ಲ ಎಂದು ಹೇಳುವುದು ಅವರಿಗೆ ಕಾಫಿ ಕೊಟ್ಟಷ್ಟೇ ಸಹಜವಾದ ಮರ್ಯಾದೆ. ನನಗೇ ಆರೇಳು ಸಲ ಮುಟ್ಟಿಸಿದ್ದಾರೆ.

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟು. ತಿಂಗಳ ಹಿಂದೆ ಬೆಳಗೋಡಿನಲ್ಲಿ ಒಂದು ಗೃಹಪ್ರವೇಶ ಮುಗಿಸಿ ಇಬ್ಬರೂ ವಾಪಸು ಬರುತ್ತಿದ್ದರು. ಮಳೆ, ಮೇಲೆ ಕಾವಳದ ಮಂಜು. ಅಂಥ ದಿನ ಒದ್ದೆ ಛತ್ರಿ, ಒದ್ದೆ ಸೆರಗು, ಇಬ್ಬರ ಉಸಿರು ಎಲ್ಲ ಸೇರಿ ಕಾರಿನ ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ. ಹೀಟರಿನ ಫ್ಯಾನು ಬಿಸಿಗಾಳಿಯನ್ನು ಗಾಜಿಗೆ ಊದಿದರೆ ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಅವತ್ತು ಭಾವ ಗುಂಡಿ ತಿರುಗಿಸಿದರೆ ಫ್ಯಾನು ಸದ್ದೇ ಮಾಡಲಿಲ್ಲ. ಅಕ್ಕ ಸೆರಗಿನಿಂದ ಗಾಜು ಒರೆಸುತ್ತ ಬಂದಳು. ಒರೆಸಿದ್ದು ಒಂದು ಉಸಿರಿಗೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮನೆಗೆ ಎರಡು ಮೈಲಿ ಇರುವಾಗ ಒಂದು ತಿರುವಿನಲ್ಲಿ ಎಡಗಡೆಯ ಎರಡೂ ಚಕ್ರ ಚರಂಡಿಗೆ ಇಳಿದವು. ಚರಂಡಿಯ ಆಚೆ ಇಳಿಜಾರು. ಅಲ್ಲಿ ಒಂದು ಸಿಲ್ವರ್ ಮರ ಇತ್ತು, ಕಾರು ಅದಕ್ಕೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಸ್ಟೇಟಿನ ಜೀಪಿನಲ್ಲಿ ಬಂದ ಆಳುಗಳು ಆರು ಜನ ಸೇರಿ ಕಾರನ್ನು ಮಗು ಎತ್ತಿದಂತೆ ಎತ್ತಿ ರಸ್ತೆಯ ಮೇಲಿಟ್ಟರು. ಅಷ್ಟು ಹಗುರ ಅದು.

ಅವತ್ತಿನಿಂದ ಭಾವ ಆ ಕಾರು ಓಡಿಸಿರಲಿಲ್ಲ. ಒಂದೇ ಸಲ, ಫ್ಯಾನು ತೋರಿಸಲೆಂದು, ಬಿಸಿಲು ಬಿದ್ದ ಒಂದು ಗಳಿಗೆ ನೋಡಿ ಒಬ್ಬರೇ ಸಕಲೇಶಪುರಕ್ಕೆ ಒಯ್ದಿದ್ದರು. ಅಲ್ಲಿಯ ಮೆಕ್ಯಾನಿಕ್ ಫ್ಯೂಸು ಬದಲಾಯಿಸಿ ನೋಡಿ, ಫ್ಯಾನಿನ ಮೋಟಾರೇ ಹೋಗಿದೆ, ಇಷ್ಟು ಹಳೆಯ ಕಾರಿನದು ಈಗ ಎಲ್ಲೂ ಸಿಗುವುದಿಲ್ಲ ಎಂದು ಕೈ ತೊಳೆದುಕೊಂಡ. ಭಾವ ಆಲೂಗಡ್ಡೆ ಕೊಯ್ದು ಗಾಜಿಗೆ ಉಜ್ಜಿ ನೋಡಿದರು, ಹೊಗೆಸೊಪ್ಪು ಉಜ್ಜಿ ನೋಡಿದರು, ಶೇವಿಂಗ್ ಸೋಪು ಹಚ್ಚಿ ನೋಡಿದರು. ಕೊನೆಗೆ ಹಳೆಯ ಕಾರುಗಳನ್ನು ಕೊಂಡು ಸಾಕುವ ಹಾಸನದವರೊಬ್ಬರಿಗೆ ಕೊಟ್ಟುಬಿಡುವುದೆಂದು ಮಾತು ಮುಗಿಸಿದ್ದರು. ಆ ಭಾನುವಾರ ಅವರು ಬಂದು ಒಯ್ಯುವುದೆಂದಾಗಿತ್ತು.

ಒಳ್ಳೆಯದೇ ಆಯಿತಲ್ಲಕ್ಕ, ಸವತಿ ಕಾಟ ತಪ್ಪಿತು ಎಂದೆ.

“ಕಾರು ಹೋದ್ರೆ ಹೋಗ್ಲಿ ಕಣೋ. ಅದು ಹೋದ್ಮೇಲೆ ಇವರು ಏನಾಯ್ತಾರೆ ಅಂತ ನಂಗೆ ದಿಗಿಲು. ಒಂದ್ ತಿಂಗಳಿಂದ ಜಗುಲಿ ಮೇಲೆ ಕೂತವರೆ, ಮಳೆ ನೋಡ್ಕಂಡು. ತೋಟಕ್ಕೂ ಇಳಿಯಲ್ಲ. ಭಾನುವಾರದೊಳಗೆ ನೀನು ಬಾ. ಯಾಕ್ ಬಂದೆ ಅಂದ್ರೆ ಕಳಲೆ ತಿನ್ನಕ್ಕೆ ಬಂದೆ ಅನ್ನು.”

ಗುರುವಾರ ಬೆಳಗ್ಗೆ ನನ್ನ ಹಳೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಮಗ್ಗೆಯಿಂದ ಆಲೂರು, ಆಲೂರಿನಿಂದ ಸಕಲೇಶಪುರ, ಅಲ್ಲಿಂದ ವನಗೂರಿನ ಬಸ್ಸು. ಮನೆ ಮುಟ್ಟುವಾಗ ಊಟದ ಹೊತ್ತು. ಭಾವ ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ನಾನು ಬಿದಿರು ಕಳಲೆಯ ಮಾತೆತ್ತುವ ಮೊದಲೇ ನನ್ನ ಚೀಲ ನೋಡಿದರು. ಕಳಲೆ ತಿನ್ನಕ್ಕೆ ಇಕ್ಕಳ, ಸ್ಕ್ರೂಡ್ರೈವರ್ ಬೇಕಾ ಮಾರಾಯ ಎಂದು ಕೇಳಿದರು. ನಗಲಿಲ್ಲ. ಮೆಕ್ಯಾನಿಕ್ಕೇ ಆಗಲ್ಲ ಅಂದವನೆ, ನಿನ್ನ ಸಮಾಧಾನಕ್ಕೆ ಬೇಕಾದರೆ ನೋಡು ಎಂದು ಕೀ ಕೊಟ್ಟರು. ಅಕ್ಕ ಒಳಗೆ ಹೋದ ಮೇಲೆ, ಅವರು ತಾವಾಗಿ ಇನ್ನೊಂದು ಮಾತು ಹೇಳಿದರು.

“ನಾನೊಬ್ಬನೇ ಇದ್ದಿದ್ರೆ ಬೇರೆ ಮಾತು. ಪಕ್ಕದಲ್ಲಿ ಅವಳಿದ್ಲು. ಮರ ಇದ್ದಿದ್ದೂ ಅವಳ ಕಡೆಗೇ.”

ಅಷ್ಟೇ. ಯಾಕೆ ಮಾರುತ್ತಿದ್ದಾರೆ ಎಂದು ಮತ್ತೆ ಕೇಳುವ ಅಗತ್ಯ ನನಗೆ ಬರಲಿಲ್ಲ.

ಶೆಡ್ಡು ಮನೆಯ ಹಿಂದೆ, ಕಾಫಿ ಸ್ಟೋರಿಗೆ ಅಂಟಿಕೊಂಡು ಇದೆ. ಪಕ್ಕದಲ್ಲೇ ಕೋಳಿಗೂಡು. ನಾನು ಕಾರಿನ ಎಡಗಡೆ ಬಾಗಿಲು ತೆಗೆದು, ಅಕ್ಕ ಕೂರುವ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿದೆ. ಫ್ಯಾನು ಇರುವುದು ಅಲ್ಲಿ, ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಅರುವತ್ತು ದಾಟಿದವನು ಆ ಕಾರಿನಲ್ಲಿ ತಲೆ ಕೆಳಗೆ ಕಾಲು ಮೇಲೆ ಮಾಡಿ ಮಲಗುವುದನ್ನು ನೋಡಿ ಅಕ್ಕ, ನಿನ್ನನ್ನು ಹೊರಗೆ ತೆಗೆಯಕ್ಕೂ ಆ ಆರು ಜನವೇ ಬರಬೇಕಾಯ್ತದೆ ಎಂದಳು.

ನನ್ನ ಹತ್ತಿರ ಒಂದು ಟೆಸ್ಟರ್ ದೀಪ ಇದೆ. ಎರಡು ವೈರು ಸಿಕ್ಕಿಸಿದ ಕಾರಿನ ಸಣ್ಣ ದೀಪ, ಅಷ್ಟೇ. ಒಂದು ವೈರನ್ನು ಕರೆಂಟು ಬರಬೇಕಾದ ಕಡೆ, ಇನ್ನೊಂದನ್ನು ಕಾರಿನ ಕಬ್ಬಿಣಕ್ಕೆ ಮುಟ್ಟಿಸಿದರೆ, ಕರೆಂಟಿದ್ದರೆ ಹೊತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಅದು ಸುಳ್ಳು ಹೇಳುವುದಿಲ್ಲ. ಫ್ಯೂಸಿನ ಎರಡೂ ಕಡೆ ಮುಟ್ಟಿಸಿದೆ, ಹೊತ್ತಿತು. ಫ್ಯೂಸು ಸರಿ ಇದೆ. ಆಮೇಲೆ ಫ್ಯಾನಿನ ಮೋಟಾರಿಗೆ ಬರುವ ಪ್ಲಗ್ಗು ಕಿತ್ತು, ಬ್ಯಾಟರಿಯಿಂದ ನೇರವಾಗಿ ಎರಡು ವೈರು ಎಳೆದು ಮೋಟಾರಿಗೆ ಕೊಟ್ಟೆ. ಫ್ಯಾನು ಒಂದು ಸಲ ಗುರ್ ಎಂದು, ಹಳೇ ಎಲೆಚೂರು, ಧೂಳು ಎಲ್ಲವನ್ನೂ ನನ್ನ ಮುಖಕ್ಕೆ ಉಗಿದು ಸುಯ್ಯನೆ ತಿರುಗತೊಡಗಿತು. ಮೋಟಾರಿನ ವಿಷಯದಲ್ಲಿ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆ ಸದ್ದು ಕೇಳಿದರೆ ಸಾಕು, ಬೇರಿಂಗು, ಬ್ರಶ್ಶು ಎಲ್ಲ ಇನ್ನೂ ಹತ್ತು ವರ್ಷ ಬಾಳುತ್ತವೆ ಅನ್ನುವುದು ಗೊತ್ತಾಗುತ್ತದೆ. ಸಿಗುವುದೇ ಇಲ್ಲ ಎಂದು ಮೆಕ್ಯಾನಿಕ್ ಹೇಳಿದ್ದ ಮೋಟಾರು ಚೆನ್ನಾಗಿಯೇ ಇತ್ತು.

ಹಾಗಾದರೆ ದೋಷ ದಾರಿಯಲ್ಲಿ. ಮೋಟಾರಿಗೆ ಹೋಗುವ ವೈರಿಗೆ ದೀಪ ಹಿಡಿದೆ, ಹೊತ್ತಿತು. ವಾಪಸು ಬರುವ ವೈರಿನ ಜೊತೆ ಹಿಡಿದೆ, ಹೊತ್ತಲಿಲ್ಲ. ಕರೆಂಟು ಎಂದರೆ ಊರಿಗೆ ಹೋದ ಮಗಳ ಹಾಗೆ, ಹೋದರೆ ಸಾಲದು, ತಿರುಗಿ ಬರಬೇಕು, ಆಗಲೇ ಕೆಲಸ ನಡೆಯುವುದು ಎಂದು ನನಗೆ ಕಸುಬು ಕಲಿಸಿದ ಹಿರಿಯರು ಹೇಳುತ್ತಿದ್ದರು. ಇಲ್ಲಿ ಹೋಗುವ ದಾರಿ ಇತ್ತು, ಬರುವ ದಾರಿ ಕಡಿದಿತ್ತು. ಬರುವ ದಾರಿಯಲ್ಲಿ ಎರಡು ಕಟ್ಟೆಗಳಿವೆ. ಒಂದು, ಮನೆಯ ಫ್ಯಾನಿಗೆ ರೆಗ್ಯುಲೇಟರ್ ಇದ್ದ ಹಾಗೆ ವೇಗ ಕಡಿಮೆ ಹೆಚ್ಚು ಮಾಡುವ ಒಂದು ತುಂಡು. ಅದು ಡ್ಯಾಶ್‌ಬೋರ್ಡಿನ ತಳದಲ್ಲಿರುತ್ತದೆ. ಇನ್ನೊಂದು, ಕೈಯಲ್ಲಿ ತಿರುಗಿಸುವ ಗುಂಡಿಯ ಹಿಂದಿನ ಸ್ವಿಚ್ಚು.

ಇಲ್ಲಿ ನಾನು ತಪ್ಪಿದೆ. ಇಪ್ಪತ್ತು ವರ್ಷ ಕೈಯಾಡಿದ್ದು ಸ್ವಿಚ್ಚು, ಸವೆದಿರುವುದು ಅದೇ ಎಂದು ತೀರ್ಮಾನಿಸಿಬಿಟ್ಟೆ. ಪಂಪ್‌ಸೆಟ್ಟಿನಲ್ಲಿ ಹತ್ತಕ್ಕೆ ಎಂಟು ಸಲ ಸ್ಟಾರ್ಟರೇ ಕೆಟ್ಟಿರುತ್ತದೆ, ಆ ಅಭ್ಯಾಸ. ರೆಗ್ಯುಲೇಟರಿನ ತುಂಡಿನ ಕಡೆ ಕೈಯನ್ನೂ ಹಾಕಲಿಲ್ಲ. ಅದರ ಕೆಳಗೆ ಯಾರೋ ಕಟ್ಟಿದ್ದ ಒಂದು ತಂತಿಯ ಕೊಕ್ಕೆ ನನ್ನ ಕೂದಲಿಗೆ ಸಿಕ್ಕಿಕೊಂಡಿತು. ಅಕ್ಕ ಕೈಚೀಲ ನೇತುಹಾಕಲು ಮಾಡಿಕೊಂಡದ್ದಿರಬೇಕು ಎಂದುಕೊಂಡು ಬಿಡಿಸಿಕೊಂಡೆ. ಅಷ್ಟರಲ್ಲಿ ಬೆಳಕು ಕಮ್ಮಿಯಾಯಿತು. ಬಚ್ಚಲಿನಲ್ಲಿ ಹಂಡೆ ನೀರು ಕಾದಿತ್ತು, ಸ್ನಾನಕ್ಕೆ ಹೋದೆ.

ಶುಕ್ರವಾರ ಬೆಳಗ್ಗೆಯೆಲ್ಲ ಆ ಸ್ವಿಚ್ಚು ಬಿಚ್ಚುವುದರಲ್ಲಿ ಹೋಯಿತು. ರೇಡಿಯೋ ತೆಗೆದು, ಗುಂಡಿಗಳ ಫಲಕ ತೆಗೆದು, ವೈರಿನ ಕಟ್ಟನ್ನೆಲ್ಲ ಮುಂದಕ್ಕೆ ಎಳೆದು, ಸ್ವಿಚ್ಚಿನ ಹಿತ್ತಾಳೆ ತುಟಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯಿಸಿದೆ. ಎಲ್ಲ ಮತ್ತೆ ಜೋಡಿಸಿ ಗುಂಡಿ ತಿರುಗಿಸಿದರೆ, ಫ್ಯಾನು ತಿರುಗಿತು. ಒಂದು, ಎರಡು, ಮೂರು, ನಾಲ್ಕು, ನಾಲ್ಕೂ ವೇಗ. ಅಕ್ಕ ಹಬೆಯಾಡುವ ಕಡುಬಿನ ಕೈಯಲ್ಲೇ ಓಡಿ ಬಂದು ಗಾಳಿಗೆ ಮುಖ ಒಡ್ಡಿದಳು. ನಾನೂ ನನ್ನ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಆಡಿದೆ. ಸಕಲೇಶಪುರದ ಮೆಕ್ಯಾನಿಕ್ಕನ ಬಗ್ಗೆ ಆಡಿದ್ದು ಇನ್ನೂ ಹೆಚ್ಚು. ಭಾವ ಊಟ ಮಾಡುವಾಗ ಇನ್ನೆರಡು ಕಡುಬು ಹಾಕು ಎಂದರು. ಅಕ್ಕ ನನ್ನ ಕಡೆ ನೋಡಿದಳು.

ಊಟವಾದ ಮೇಲೆ ಭಾವ ಮತ್ತು ನಾನು ಕಾರು ಹೊರಗೆ ತೆಗೆದೆವು. ಮಳೆ ಸಣ್ಣಗೆ ಹಿಡಿದಿತ್ತು, ತೋಟದ ಮೇಲೆಲ್ಲ ಮಂಜು. ಒಂದು ಮೈಲಿ ಗಾಜು ಕನ್ನಡಿಯ ಹಾಗಿತ್ತು. ಭಾವನ ಕೈ ಸ್ಟಿಯರಿಂಗಿನ ಮೇಲೆ ಸಡಿಲವಾಗಿದ್ದನ್ನು ನೋಡಿದೆ. ಆಮೇಲೆ ರಸ್ತೆ ಕೆಟ್ಟಿದ್ದ ಕಡೆ ಕಾರು ನಾಲ್ಕು ಸಲ ಕುಲುಕಿತು. ಫ್ಯಾನು ನಿಂತಿತು. ಗಾಜಿನ ಕೆಳಗಿನ ಮೂಲೆಯಿಂದ ಮಬ್ಬು ಏರತೊಡಗಿತು. ನಾನು ಗುಂಡಿಯನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ, ಹೊಡೆದೆ. ಭಾವ ಕಾರು ನಿಲ್ಲಿಸಿ, ಬಾಗಿಲ ಗಾಜು ಇಳಿಸಿ, ತಲೆಯನ್ನು ಹೊರಗೆ ಮಳೆಗೆ ಹಾಕಿಕೊಂಡೇ ಕಾರನ್ನು ತಿರುಗಿಸಿ ಮನೆಗೆ ತಂದರು. ದಾರಿಯಲ್ಲಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶೆಡ್ಡಿನಲ್ಲಿ ನಿಲ್ಲಿಸಿ, ಹೋಗ್ಲಿ ಬಿಡು ಮಾರಾಯ, ನೀನು ಮಾಡೋದು ಮಾಡಿದ್ದೀಯ ಎಂದು ಹೇಳಿ ಕುರ್ಚಿಗೆ ಹೋಗಿ ಕೂತರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಡೀ ದಿನ ನಾನು ಮಾಡಿದ್ದು ಅದನ್ನೇ. ಬೆಳಗ್ಗೆ ಫ್ಯಾನು ತಿರುಗಿದ್ದು ಸ್ವಿಚ್ಚು ಉಜ್ಜಿದ್ದಕ್ಕಲ್ಲ, ವೈರಿನ ಕಟ್ಟು ಎಳೆದಾಡುವಾಗ ಎಲ್ಲೋ ಬಿಟ್ಟಿದ್ದು ತಾಗಿದ್ದಕ್ಕೆ. ಎಲ್ಲಿ ಎಂದು ಗೊತ್ತಿರಲಿಲ್ಲ. ನಡುವೆ ಶನಿವಾರ ಒಂದೇ ದಿನ ಉಳಿದಿತ್ತು.

ಸಂಜೆ ಆರರ ಹೊತ್ತಿಗೆ, ಚೀಲ ಶೆಡ್ಡಿನಲ್ಲೇ ಬಿಟ್ಟಿದ್ದೇನೆಂದು ನೆನಪಾಗಿ ತರಲು ಹೋದೆ. ಅಕ್ಕ ಕೋಳಿ ಮುಚ್ಚಲು ಬಂದಿದ್ದಳು. ಕೋಳಿ ಮುಚ್ಚಿ, ಸೀದಾ ಕಾರಿನ ಹತ್ತಿರ ಹೋಗಿ, ತನ್ನ ಕಡೆಯ ಬಾಗಿಲು ತೆಗೆದಳು. ಗೋಡೆಯ ಮೊಳೆಯಲ್ಲಿ ಸುತ್ತಿಟ್ಟಿದ್ದ ಉದ್ದ ವೈರನ್ನು ಬಿಚ್ಚಿದಳು. ಅದರ ತುದಿಗೆ ಹೋಲ್ಡರು, ಹೋಲ್ಡರಿನಲ್ಲಿ ನೂರು ಕ್ಯಾಂಡಲ್ಲಿನ, ಅಂದರೆ ನೂರು ವ್ಯಾಟಿನ, ಹಳೇ ಕಾಲದ ಬಲ್ಬು. ಅದನ್ನು ಡ್ಯಾಶ್‌ಬೋರ್ಡಿನ ತಳದ ಆ ಕೊಕ್ಕೆಗೆ ನೇತುಹಾಕಿ, ಗೋಡೆಯ ಸ್ವಿಚ್ಚು ಒತ್ತಿ, ಬಾಗಿಲನ್ನು ವೈರು ಹಿಡಿಯುವಷ್ಟು ಸಂದು ಬಿಟ್ಟು ಮುಚ್ಚಿದಳು. ಕಾರಿನ ಒಳಗೆಲ್ಲ ಹಳದಿ ಬೆಳಕು ತುಂಬಿತು.

ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನೊಳಗೆ ಬಲ್ಬು ಉರಿಸುತ್ತಾರೆ. ರೇಷ್ಮೆ ಸೀರೆ, ಪತ್ರ, ಫೋಟೋಗಳಿಗೆ ಬೂಷ್ಟು ಬರದಿರಲೆಂದು. ನಾನು ಎಷ್ಟೋ ಮನೆಗಳಲ್ಲಿ ಅದಕ್ಕೆ ವೈರು ಎಳೆದುಕೊಟ್ಟವನು. ಕಾರಿನೊಳಗೆ ಉರಿಸಿದ್ದನ್ನು ನೋಡಿದ್ದು ಅದೇ ಮೊದಲು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಕಾರು ಬಂದ ಮೊದಲ ಮಳೆಗಾಲದಿಂದ ಎಂದಳು. ಆ ವರ್ಷ ಜೂನಿನಲ್ಲಿ ಸೀಟಿಗೆ ಬೂಷ್ಟು ಬರಲು ಶುರುವಾಗಿತ್ತಂತೆ. ಭಾವ ನೋಡಿದರೆ ಕೊರಗುತ್ತಾರೆಂದು ಒರೆಸಿ, ಅವತ್ತು ಸಂಜೆಯೇ ಬಲ್ಬು ಇಟ್ಟಳಂತೆ. ಸಂಜೆ ಕೋಳಿ ಮುಚ್ಚುವಾಗ ಹಚ್ಚುವುದು, ಬೆಳಗ್ಗೆ ಕೋಳಿ ಬಿಡುವಾಗ ಆರಿಸಿ ಸುತ್ತಿಡುವುದು. ಭಾವ ಕಾರು ತೆಗೆಯುವುದು ವಾರಕ್ಕೊಮ್ಮೆ, ಹಗಲಿನಲ್ಲಿ. ಅವರಿಗೆ ಗೊತ್ತಿಲ್ಲ.

ನಾನು ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನ ತಳಕ್ಕೆ ಕೈ ಹಾಕಿದೆ. ಬಲ್ಬಿನ ನೆತ್ತಿಗೆ ತಾಗಿಕೊಂಡೇ ಒಂದು ಪ್ಲಗ್ಗು ಇತ್ತು, ರೆಗ್ಯುಲೇಟರಿನ ತುಂಡಿನ ಪ್ಲಗ್ಗು. ಬೆಲ್ಲದ ಪಾಕದ ಹಾಗೆ ಕರಗಿ, ಇಳಿದು, ಮತ್ತೆ ಗಟ್ಟಿಯಾಗಿತ್ತು. ಒಳಗಿನ ಹಿತ್ತಾಳೆ ಕಡ್ಡಿಗಳು ಹಿಡಿತ ತಪ್ಪಿ ಅಲ್ಲಾಡುತ್ತಿದ್ದವು. ನಾಲ್ಕೂ ವೇಗದ ವೈರು ಆ ಒಂದೇ ಪ್ಲಗ್ಗಿನಿಂದ ಹೋಗಬೇಕು. ಕಾರು ಅಲ್ಲಾಡಿದರೆ ಬಿಡುತ್ತದೆ, ಎಳೆದಾಡಿದರೆ ತಾಗುತ್ತದೆ. ಸಕಲೇಶಪುರದ ಮೆಕ್ಯಾನಿಕ್ಕನನ್ನು ಅವತ್ತೇ ಮನಸ್ಸಿನಲ್ಲಿ ಕ್ಷಮಿಸಿದೆ. ಅವನ ಹತ್ತಿರ ಹೋದಾಗ ಕಾರಿನಲ್ಲಿ ಬಲ್ಬೇ ಇರಲಿಲ್ಲವಲ್ಲ.

ಇಪ್ಪತ್ತು ವರ್ಷ ಕರಗದ್ದು ಈಗ ಯಾಕೆ ಕರಗಿತು? ಅದನ್ನೂ ಅಕ್ಕನೇ ಹೇಳಿದಳು. ಮೊದಲೆಲ್ಲ ನಲವತ್ತರ ಬಲ್ಬು ಹಾಕುತ್ತಿದ್ದಳು. ಈಗ ಅಂಗಡಿಯಲ್ಲಿ ಎಲ್ಲ ಎಲ್‌ಇಡಿ, ಬೆಳಕಿದೆ, ಕಾವಿಲ್ಲ. ಈ ಸಲದ ಮಳೆಗಾಲಕ್ಕೆ ಎಲ್ಲಿ ಹುಡುಕಿದರೂ ನಲವತ್ತರದು ಸಿಗದೆ, ಬೀರುವಿನಲ್ಲಿದ್ದ ನೂರರ ಬಲ್ಬನ್ನೇ ತಂದು ಇಲ್ಲಿ ಹಾಕಿದ್ದಳು.

ನಾನು ಹೇಳಬೇಕಾಗಿರಲಿಲ್ಲ. ನನ್ನ ಕೈ ಎಲ್ಲಿದೆ, ಬಲ್ಬು ಎಲ್ಲಿದೆ ಎಂದು ನೋಡಿ ಅವಳಿಗೇ ಹೊಳೆಯಿತು. ಸ್ವಿಚ್ಚು ಆರಿಸಿದಳು.

“ನಾನೇ ಚರಂಡಿಗೆ ಹಾಕ್ಬುಟ್ಟೆ ಹಂಗಾರೆ.”

ಹಾಗೆಲ್ಲ ಅನ್ನಬೇಡ, ಪ್ಲಗ್ಗು ಹಳೆಯದು, ಯಾವತ್ತಾದರೂ ಹೋಗುತ್ತಿತ್ತು ಎಂದೆ. ನನಗೇ ಅದು ಗಟ್ಟಿ ಮಾತಾಗಿ ಕೇಳಿಸಲಿಲ್ಲ. ನಾಳೆ ಬೆಳಗ್ಗೆ ಒಂದು ಗಂಟೆಯ ಕೆಲಸ, ಭಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ, ಅವರೇನೂ ಬೈಯುವವರಲ್ಲ ಎಂದೆ.

“ಬೈದ್ರೆ ಬೈಸ್ಕತೀನಿ, ಅದಲ್ಲ ಕಣೋ. ಬಂದೋರಿಗೆಲ್ಲ ಆ ಸೀಟು ಮುಟ್ಸಿ ಮುಟ್ಸಿ ಹೇಳ್ತಾರಲ್ಲ, ಹೊರದೇಶದ ಹದ ಅಂತ. ಇನ್ಮೇಲೆ ಯಾವ ಬಾಯಲ್ಲಿ ಹೇಳ್ತಾರೆ? ಇಲಿ ಕಡಿದಿತ್ತು ಅನ್ನು.”

ಶನಿವಾರ ಬೆಳಗ್ಗೆ ಕೆಲಸಕ್ಕೆ ಇಳಿದೆ. ಕರಗಿದ ಪ್ಲಗ್ಗನ್ನು ಕತ್ತರಿಸಿ ತೆಗೆದು, ಪಂಪ್‌ಸೆಟ್ಟಿಗೆ ಬಳಸುವ ಹಿತ್ತಾಳೆಯ ಲಗ್ಗುಗಳನ್ನು ಒಂದೊಂದು ವೈರಿನ ತುದಿಗೂ ಒತ್ತಿ ಕೂರಿಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಕೊಳವೆ ತೊಡಿಸಿ, ರೆಗ್ಯುಲೇಟರಿನ ಕಡ್ಡಿಗಳಿಗೆ ಸಿಕ್ಕಿಸುವುದು. ನಾನು ಕೇಳದೆಯೇ ಭಾವ ಬಂದು ಟಾರ್ಚು ಹಿಡಿದುಕೊಂಡರು. ಕೊನೆಯ ವೈರಿಗೆ ಬಂದಾಗ, ಏನಾಗಿತ್ತು ಎಂದು ಕೇಳಿದರು.

“ಇಲಿ, ಭಾವ.”

ಅವರು ಸೀಟಿನ ಮೇಲಿಟ್ಟಿದ್ದ ಹಳೇ ಪ್ಲಗ್ಗನ್ನು ಎತ್ತಿಕೊಂಡು ಟಾರ್ಚಿನ ಬೆಳಕಿನಲ್ಲಿ ತಿರುಗಿಸಿ ನೋಡಿದರು. ಉಗುರಿನಲ್ಲಿ ಕೆರೆದರು.

“ಇಲಿ ಕಡಿದ್ರೆ ಹಲ್ಲಿನ ಗುರ್ತು ಇರ್ತೈತೆ. ಇದು ಬೆಂದೈತೆ ಮಾರಾಯ.”

ನನಗೆ ಸುಳ್ಳು ಬರುವುದಿಲ್ಲ, ಅಂಗಡಿಯಲ್ಲಿ ಗಿರಾಕಿಗಳಿಗೂ ಹೇಳಲಾಗದೆ ಕಷ್ಟಪಟ್ಟವನು. ಸುಮ್ಮನೆ ವೈರು ಒತ್ತುತ್ತ ಮಲಗಿದ್ದೆ. ಟಾರ್ಚಿನ ಬೆಳಕು ಮೆಲ್ಲಗೆ ಚಲಿಸಿತು. ತಳದ ಕೊಕ್ಕೆಯ ಮೇಲೆ ನಿಂತಿತು. ಅಲ್ಲಿಂದ ಬಾಗಿಲಿನ ಅಂಚಿಗೆ ಹೋಯಿತು. ಅಲ್ಲಿ ರಬ್ಬರಿನ ಮೇಲೆ, ಒಂದೇ ಜಾಗದಲ್ಲಿ ವೈರು ಒತ್ತಿ ಒತ್ತಿ ಆದ ಒಂದು ಕಚ್ಚು ಇತ್ತು. ಅಲ್ಲಿಂದ ಗೋಡೆಯ ಮೊಳೆಗೆ, ಸುತ್ತಿಟ್ಟ ವೈರಿಗೆ, ಬಲ್ಬಿಗೆ. ಅಲ್ಲಿ ಬಹಳ ಹೊತ್ತು ಇತ್ತು. ಆಮೇಲೆ ಭಾವ ಟಾರ್ಚು ಆರಿಸಿದರು. ಅವರ ಇನ್ನೊಂದು ಕೈ ಸೀಟಿನ ಮೇಲಿತ್ತು.

“ಇಲಿ ಅಂತ್ಲೇ ಇರ್ಲಿ” ಎಂದರು.

ಅವರ ದನಿ ಎಂದಿನ ಹಾಗೇ ಇತ್ತು. ನಾನು ಆ ಕೊಕ್ಕೆಯನ್ನು ಬಿಚ್ಚಿ, ಎರಡು ಸೀಟಿನ ನಡುವೆ ಮೇಲುಗಡೆ, ಯಾವ ವೈರೂ ಇಲ್ಲದ ಕಡೆ ಕಟ್ಟಿದೆ. ಭಾವ ನೋಡುತ್ತಿದ್ದರು, ಯಾಕೆ ಎಂದು ಕೇಳಲಿಲ್ಲ.

ಹತ್ತು ಗಂಟೆಗೆ ಗುಂಡಿ ತಿರುಗಿಸಿದೆವು. ಫ್ಯಾನು ತಿರುಗಿತು. ನಾನು ಈ ಸಲ ಏನೂ ಮಾತಾಡಲಿಲ್ಲ. ಡ್ಯಾಶ್‌ಬೋರ್ಡನ್ನು ಮುಷ್ಟಿಯಲ್ಲಿ ಗುದ್ದಿದೆ, ವೈರಿನ ಕಟ್ಟನ್ನು ಅಲ್ಲಾಡಿಸಿದೆ, ಕಾರನ್ನು ಬಂಪರು ಹಿಡಿದು ಕುಲುಕಿಸಿದೆ. ನಿಲ್ಲಲಿಲ್ಲ. ಹೊರಗೆ ಮಂಜು ಸ್ಟೋರಿನ ಹೆಂಚಿನವರೆಗೂ ಇಳಿದಿತ್ತು, ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ದಿನ ಬೇಕಿರಲಿಲ್ಲ. ನಾನು ಸೀಟಿಗೆ ಇಳಿಯಲು ಹೋದರೆ ಭಾವ ಬೇಡ ಎಂದು ಕೈ ಸನ್ನೆ ಮಾಡಿ, ಅಡುಗೆಮನೆ ಕಡೆ ತಿರುಗಿ ಅಕ್ಕನನ್ನು ಕರೆದರು.

ಅಕ್ಕ ಬಾಗಿಲಿಗೆ ಬಂದು ನಿಂತಳು. ಚರಂಡಿಗೆ ಇಳಿದ ದಿನದಿಂದ ಅವಳು ಆ ಕಾರಿನಲ್ಲಿ ಕೂತಿರಲಿಲ್ಲ. ಅವಳು ಹೆದರಿದ್ದಳೆಂದಲ್ಲ, ಭಾವನೇ ಕೂರಿಸಿರಲಿಲ್ಲ. ಒಲೆಯ ಮೇಲೆ ಸಾರಿದೆ ಎಂದಳು. ಸಾರು ಎಲ್ಲೂ ಓಡಿಹೋಗಲ್ಲ ಎಂದರು ಭಾವ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಂದಿನಂತೆ ಗೊಣಗುತ್ತ, ಕಾರಿನ ಬಾಗಿಲ ಚೌಕಟ್ಟು ಹಿಡಿದುಕೊಂಡು ಸೀಟಿಗೆ ಇಳಿದಳು. ಕಾರು ಅಂಗಳ ದಾಟಿ ಕೆಳಗಿನ ತಿರುವಿನಲ್ಲಿ ಮಂಜಿನೊಳಗೆ ಹೋಯಿತು. ಕೆಂಪು ದೀಪ ಸ್ವಲ್ಪ ಹೊತ್ತು ಕಂಡಿತು.

ನಾನು ಸಾರು ಇಳಿಸಿ ಜಗುಲಿಗೆ ಬಂದು ಕೂತೆ. ಅರ್ಧ ಗಂಟೆಯಲ್ಲಿ ಬರಬಹುದೆಂದುಕೊಂಡಿದ್ದೆ. ಮುಕ್ಕಾಲು ಗಂಟೆಯಾಯಿತು. ಒಂದು ಗಂಟೆಯಾಯಿತು. ಎರಡು ಸಲ ಗೇಟಿನವರೆಗೆ ಹೋಗಿ ಬಂದೆ. ಲಗ್ಗುಗಳನ್ನು ಸರಿಯಾಗಿ ಒತ್ತಿದ್ದೆನೇ, ನಾಲ್ಕನೆಯದನ್ನು ಎಳೆದು ನೋಡಿದ್ದೆನೇ ಎಂದು ಕೈ ನೆನಪು ಮಾಡಿಕೊಳ್ಳುತ್ತಿತ್ತು. ಕೊನೆಗೆ ಸದ್ದು ಕೇಳಿಸಿತು. ಮಂಜಿನಿಂದ ಕಾರು ಹೊರಬಂದಾಗ ಮೊದಲು ಕಂಡದ್ದು ಗಾಜು. ಒಳಗೆ ಕೂತ ಇಬ್ಬರೂ ಹಬ್ಬದ ದಿನ ತೆಗೆದ ಫೋಟೋದಲ್ಲಿರುವ ಹಾಗೆ ಸ್ಪಷ್ಟವಾಗಿ ಕಾಣುತ್ತಿದ್ದರು. ಅಕ್ಕನ ಕೈ ಮಡಿಲಲ್ಲಿತ್ತು. ಸೆರಗು ಒಣಗಿತ್ತು. ಬೆಳಗೋಡಿನ ದಾರಿಯಲ್ಲಿ ಬಹಳ ದೂರ ಹೋಗಿ ಬಂದರಂತೆ. ಏನು ಮಾತಾಡಿಕೊಂಡರೋ, ಮಾತಾಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಅಕ್ಕ ಇಳಿಯುತ್ತ, ಇವನ ಬಿಸಿಗಾಳಿಗೆ ಕಾಲೆಲ್ಲ ಸುಟ್ಟೋಯ್ತು ಎಂದು ನನ್ನನ್ನು ಬೈದು ಒಳಗೆ ಹೋದಳು.

ಭಾವ ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡೇ ಫೋನು ತೆಗೆದು ಹಾಸನದವರಿಗೆ ಹಚ್ಚಿದರು. ಸಿಗ್ನಲ್ಲು ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ, ಅದೂ ಕಂಬಕ್ಕೆ ಒರಗಿದರೆ. ಒರಗಿ, ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡಿದರು.

“ನಾಳೆ ಬರ್ಬೇಡಿ ಕಣ್ರೀ. ಕಾರು ಕೊಡಲ್ಲ. ಏನಿಲ್ಲ, ರಿಪೇರಿ ಆಯ್ತು. ಅದೂ ಅಲ್ದೆ, ಮನೇಲಿ ಒಪ್ತಾ ಇಲ್ಲ.”

ಒಳಗಿನಿಂದ ಸೌಟು ಪಾತ್ರೆಗೆ ತಾಗುವ ಸದ್ದು ನಿಂತಿತು. ಅಕ್ಕ ಅಡುಗೆಮನೆ ಬಾಗಿಲಿಗೆ ಬಂದಳು.

“ನಾನ್ಯಾವಾಗ ಒಪ್ಪಲ್ಲ ಅಂದೆ?”

ಭಾವ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತೋಟಕ್ಕೆ ಹೋಗುವ ಬೂಟು ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ಬಾಗಿಲ ಹಿಂದೆ ಐತೆ ಎಂದಳು ಅಕ್ಕ. ಅವರು ಬೂಟು ಹಾಕಿಕೊಂಡು, ಎಲೆ ಹೆಣೆದ ಗೊರಬು ತಲೆಗಿಟ್ಟು, ಊಟಕ್ಕೆ ಮೊದಲು ಕೆಳಗಿನ ಏಲಕ್ಕಿ ಹಳ್ಳದವರೆಗೆ ಹೋಗಿ ಬರುತ್ತೇನೆಂದು ಮಳೆಗೆ ಇಳಿದರು.